ತೆರೆದೇ ಇರುವ ಫೈಲ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನೂ ಅಕ್ಕನೂ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ತೀರಿಕೊಂಡ ನಮ್ಮ ಪಾಲುದಾರನ ಫೈಲುಗಳನ್ನು ಅಳಿಸಲು ಸರ್ವರ್ ಮುಂದೆಯೇ ಕೂತು ಸ್ಕ್ರಿಪ್ಟ್ ಬರೆದೆ. ಒಂದು ಫೈಲ್ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅದನ್ನು ಅವನು ತೆರೆದಿದ್ದಾನೆ ಎಂದು ಸರ್ವರ್ ತಡೆಯಿತು.

“ಅಕ್ಕಾ, ಸತ್ತೋನು ಇನ್ನೂ ಲಾಗಿನ್ ಆಗಿದಾನೆ ಕಣೇ!”

ಅಕ್ಕ ಸರ್ವರ್ ಇಟ್ಟಿದ್ದ ಕಬ್ಬಿಣದ ಬೀರುವಿಗೆ ಕೈಹಾಕಿ ನೆಟ್‌ವರ್ಕ್ ಕೇಬಲ್ ಕಿತ್ತಳು. “ಈಗ ಬಲವಂತವಾಗಿ ಅಳಿಸು, ಪೀಡೆ ತೊಲಗ್ಲಿ.”

ಒತ್ತಿದೆ. ಬೀರುವಿನ ಬಾಗಿಲು ಇನ್ನೂ ಒಳಗೇ ಇದ್ದ ಅವಳ ಮುಂಗೈ ಮೇಲೆ ಬಡಿಯಿತು. ತಾನೇ ತೆರೆದು ಮತ್ತೆ ಬಡಿಯಿತು, ಮತ್ತೆ ಬಡಿಯಿತು. ಮೂಳೆ ಲಟಲಟನೆ ಮುರಿಯಿತು. ನನ್ನ ಮುಖಕ್ಕೆ ಸಿಡಿದ ರಕ್ತ ಐಸಿನಂತೆ ತಣ್ಣಗಿತ್ತು. ಸ್ಕ್ರಿಪ್ಟ್ ನಿಲ್ಲಿಸಿದೆ; ಬಾಗಿಲೂ ನಿಂತಿತು.

ಅಕ್ಕನ ಕೈ ಉಳಿಯಲಿಲ್ಲ. ಆಮೇಲೆ ಅವಳು ಕೀಬೋರ್ಡ್ ಮುಟ್ಟಿಯೇ ಇಲ್ಲ. ಫೈಲ್ ಅಲ್ಲೇ ಇದೆ. ಅದನ್ನು ತೆರೆದವರ ಜಾಗದಲ್ಲಿ ಈಗ ಅಕ್ಕನ ಹೆಸರಿದೆ.