ಯಜಮಾನಿ ತಲೆಬಾಗಲಿಲ್ಲ

ಮೊದಲ ಸೇಬು ಅವಳ ಭುಜಕ್ಕೆ ಬಡಿಯಿತು. ಎರಡನೆಯದು ರಂಗದ ಅಂಚಿನ ದೀಪದ ಸಾಲಿಗೆ ಬಿದ್ದು ಸಿಡಿಯಿತು.

"ಕ್ಷಮೆ ಕೇಳು! ಫ್ಲೀಟ್‌ನ ವಾಪಸ್ ಕರ್ಸು!"

ಡಾರ್ಕಸ್ ಪೆನ್‌ಹ್ಯಾಲೋ ಅಲುಗಾಡಲಿಲ್ಲ. ಮೂವತ್ತೆರಡರ ವಿಧವೆ. ಸುಮಾರು ಇನ್ನೂರು ವರ್ಷದ ಹಿಂದೆ, ಫಿಲಡೆಲ್ಫಿಯಾದ ಒಂದು ನಾಟಕ ಕಂಪನಿಗೆ ನಾಯಕಿಯೂ ಅವಳೇ, ಯಜಮಾನಿಯೂ ಅವಳೇ. ಊರಿನ ಕಣ್ಮಣಿ ನಟ ಬಾರ್ಟನ್ ಫ್ಲೀಟ್‌ನನ್ನು ಕೆಲಸದಿಂದ ತೆಗೆದುಹಾಕಿದ್ದಳು. ಯಾಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಲ್ಲಿನ ಪ್ರೇಕ್ಷಕರದ್ದು ಅದೇ ಚಾಳಿ. ನಟರ ಮೇಲೆ ಸಿಟ್ಟು ಬಂದರೆ ರಂಗದ ಮುಂದೆ ನಿಲ್ಲಿಸಿ, ಬಗ್ಗಿ ನಮಸ್ಕರಿಸಿ ಕ್ಷಮೆ ಕೇಳುವ ತನಕ ನಾಟಕ ನಡೆಯಗೊಡುತ್ತಿರಲಿಲ್ಲ.

'ಸಾಯ್ತೀನಿ... ಆದ್ರೆ ಬಗ್ಗಲ್ಲ!' ಎಂದುಕೊಂಡಳು ಡಾರ್ಕಸ್.

ಅಷ್ಟರಲ್ಲಿ ಪಕ್ಕದ ಪರದೆಯಿಂದ ಒಬ್ಬ ಎತ್ತರದ ಗಂಡಸು ನುಗ್ಗಿ ಬಂದು ಅವಳಿಗೆ ಅಡ್ಡ ನಿಂತ. ಆ ಸಂಜೆಯಷ್ಟೇ ಬಾಲ್ಟಿಮೋರ್‌ನಿಂದ ಬಂದಿಳಿದಿದ್ದ ಹೊಸ ನಾಯಕನಟ, ನೇಥನ್ ಕ್ರೇಲ್. ಅವಳ ಮುಖವನ್ನೂ ಅವನಿನ್ನೂ ಸರಿಯಾಗಿ ನೋಡಿರಲಿಲ್ಲ!

"ಮಹಾಜನರೇ, ಯಜಮಾನಿಯವರ ಪರವಾಗಿ ನಾನು ಕ್ಷಮೆ ಕೇಳ್ತೀನಿ" ಎಂದು ನೆಲ ಮುಟ್ಟುವಂತೆ ಬಗ್ಗಿದ.

ಚಪ್ಪಾಳೆಯೋ ಚಪ್ಪಾಳೆ. ಅಯ್ಯೋ ಪುಣ್ಯಾತ್ಮ, ಕಾಪಾಡಲು ಬಂದವನು ಮಾಡಿದ್ದೇನು!

ಪರದೆ ಬಿದ್ದದ್ದೇ ತಡ, ಡಾರ್ಕಸ್ ಅವನ ಎದುರು ನಿಂತಳು. ಕಣ್ಣು ಕೆಂಡವಾಗಿತ್ತು.

"ನನ್ನ ಪರವಾಗಿ ಬಗ್ಗೋಕೆ ನೀವ್ಯಾರ್ರೀ?"

"ಮೇಡಂ, ಅವ್ರು ನಿಮ್ಮನ್ನ ಹೊಡೀತಿದ್ರು..."

"ಹೊಡೀಲಿ! ಗಾಯ ವಾಸಿ ಆಗುತ್ತೆ. ನೀವು ಕೇಳಿದ ಕ್ಷಮೆ ವಾಸಿ ಆಗಲ್ಲ!"

ಅವಳೆಂದದ್ದು ನಿಜವಾಯಿತು. ಮರುದಿನವೇ ರಂಗಮಂದಿರವನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಹೇಳಿಕಳಿಸಿದರು. "ನಿಮ್ಮ ಕಡೆಯವರೇ ತಪ್ಪು ಒಪ್ಪಿಕೊಂಡಾಯಿತಲ್ಲ? ತಿಂಗಳ ಕೊನೆಯ ಬುಧವಾರದೊಳಗೆ ಫ್ಲೀಟ್‌ನನ್ನು ಕರೆಸಿ, ಇಲ್ಲವೇ ಬೀಗದ ಕೈ ಒಪ್ಪಿಸಿ."

ಮೂರು ವಾರ ಅವರಿಬ್ಬರೂ ರಂಗದ ಮೇಲೆ ಪ್ರೇಮಿಗಳು, ಕೆಳಗಿಳಿದರೆ ಎಣ್ಣೆ ಸೀಗೇಕಾಯಿ. ಆದರೆ ನೇಥನ್ ಅವಳನ್ನು ನೋಡುತ್ತಲೇ ಇದ್ದ. ಹರಿದ ಉಡುಪಿಗೆ ತಾನೇ ಸೂಜಿ ಹಾಕುವವಳು... ಯಾರಿಗಾದರೂ ಮಾತು ಮರೆತರೆ ಬೈಯದೆ ಪಿಸುಗುಟ್ಟುವವಳು... ಇಂಥವಳು ಕಾರಣವಿಲ್ಲದೆ ಒಬ್ಬನ ಅನ್ನ ಕಿತ್ತುಕೊಳ್ಳುತ್ತಾಳೆಯೇ?

ಅವಳಿಗೂ ಅವನ ಮೇಲಿನ ಸಿಟ್ಟನ್ನು ದಿನಾ ಹೊಸದಾಗಿ ಹೊತ್ತಿಸಿಕೊಳ್ಳಬೇಕಾಗುತ್ತಿತ್ತು, ಪಾಪ! ಪ್ರೇಮದ ದೃಶ್ಯದಲ್ಲಿ ಅವನು ಕೈ ಹಿಡಿದಾಗ ಬಾಯಿಪಾಠವಾಗಿದ್ದ ಮಾತೇ ಮರೆತುಹೋಗುತ್ತಿತ್ತು.

ಗಡುವಿನ ಬುಧವಾರ ಮಧ್ಯಾಹ್ನ ಕಂಪನಿಯ ಹದಿನೇಳರ ನರ್ತಕಿ ಹೆಟ್ಟಿ ಅಳುತ್ತಾ ನೇಥನ್‌ನ ಬಳಿ ಬಂದಳು.

"ಫ್ಲೀಟ್ ಕುಡಿದು ಬಂದು ನನ್ನ ಕೋಣೆಗೆ ನುಗ್ಗಿದ್ದ ಸಾರ್. ಯಜಮಾನಿಯವ್ರು ಬಂದು ಬಿಡಿಸಿದ್ರು, ಅದಕ್ಕೇ ಅವನನ್ನ ತೆಗೆದುಹಾಕಿದ್ರು. ಊರಿಗೆ ಗೊತ್ತಾದ್ರೆ ನನ್ನ ಬಾಳೇ ಹಾಳಾಗುತ್ತೆ ಅಂತ ಅವರು ತುಟಿ ಬಿಚ್ಚಲಿಲ್ಲ. ಈಗ ನನ್ನಿಂದ ಕಂಪನಿನೇ ಹೋಗುತ್ತೆ..."

ನೇಥನ್ ತನ್ನನ್ನೇ ಬೈದುಕೊಂಡ. 'ಛೆ! ಆ ನೀಚನಿಗಾಗಿ ಕೂಗಿದವರಿಗೆ ಬಗ್ಗಿದೆನಲ್ಲಾ ನಾನು!'

ಆ ಸಂಜೆ ಪರದೆ ಏಳುವ ಮೊದಲೇ ಅವನು ಹೊರಗೆ ಬಂದ.

"ಮಹಾಜನರೇ, ಆವತ್ತು ನಾನು ಕ್ಷಮೆ ಕೇಳಿದ್ದೆ. ಅದನ್ನ ವಾಪಸ್ ತಗೋತಿದ್ದೀನಿ. ಕಾರಣ ಕೇಳ್ಬೇಡಿ, ಹೇಳಲ್ಲ. ಯಜಮಾನಿಯವ್ರು ಮಾಡಿದ್ದು ಸರಿ."

ಜನ ಕೆರಳಿದರು. ಆಮೇಲೆ ಸೇಬು, ಕಿತ್ತಳೆ ಸಿಪ್ಪೆ, ಬೈಗುಳ! ಹಣೆಯಿಂದ ರಕ್ತ ಇಳಿದರೂ ಅವನು ಕದಲಲಿಲ್ಲ.

ಡಾರ್ಕಸ್ ಓಡಿ ಬಂದು ಪಕ್ಕದಲ್ಲಿ ನಿಂತಳು. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ.

"ಕೇಳಿಸ್ಕೊಂಡ್ರಾ? ಫ್ಲೀಟ್ ಬರಲ್ಲ. ನಾನು ಕ್ಷಮೆ ಕೇಳಲ್ಲ. ನಾಟಕ ಬೇಕಿದ್ರೆ ಕೂತ್ಕೊಳ್ಳಿ, ಬೇಡದಿದ್ರೆ ಬಾಗಿಲು ತೆಗೆದಿದೆ!"

ಮುಂದಿನ ಬೆಂಚುಗಳ ಒಂದಷ್ಟು ಜನ ಗೊಣಗುತ್ತಾ ಎದ್ದುಹೋದರು. ಮೇಲಿನ ಅಟ್ಟದ ಅಗ್ಗದ ಆಸನಗಳಿಂದ ಒಬ್ಬ ಮೀನು ಮಾರುವ ಹೆಂಗಸು ಕೂಗಿದಳು.

"ಏಯ್, ಬಾಯ್ಮುಚ್ಕೊಂಡು ಕೂತ್ಕೊಳ್ರೋ! ಬಗ್ಗದೇ ಇರೋ ಹೆಂಗಸನ್ನ ನೋಡೋಕೆ ಇನ್ನೊಂದ್ಸಲ ದುಡ್ಡು ಕೊಡ್ತೀನಿ ನಾನು!"

ನಗು ಎದ್ದಿತು, ಅದರ ಹಿಂದೆಯೇ ಚಪ್ಪಾಳೆ. ಆಟ ನಡೆಯಿತು. ಬೀಗದ ಕೈಗೆಂದು ಬಂದಿದ್ದ ಮಾಲೀಕರು ಕೊನೆಯ ತನಕ ಕೂತಿದ್ದು, ಜನ ಮೆಚ್ಚಿದ್ದು ಕಂಡು ಬರಿಗೈಯಲ್ಲಿ ಹೊರಟರು.

ಖಾಲಿ ರಂಗದ ಮೇಲೆ ಡಾರ್ಕಸ್ ಅವನ ಹಣೆ ಒರೆಸಿದಳು.

"ನೋವಾಗ್ತಿದ್ಯಾ?"

"ಗಾಯ ವಾಸಿ ಆಗುತ್ತೆ ಅಂದಿದ್ರಲ್ಲ... ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ಮದುವೆ ಆಗ್ತೀರಾ?"

ಅವಳ ಕೈ ನಿಂತಿತು. ಎದೆ ಹೂಂ ಎನ್ನುತ್ತಿತ್ತು, ಆದರೂ...

"ನಾನೂ ಪ್ರೀತಿಸ್ತೀನಿ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಒಂದ್ನಿಮಿಷ... ಈ ದೇಶದ ಕಾನೂನಲ್ಲಿ ನಾನು ಹೆಂಡತಿ ಆದ ಗಳಿಗೆಗೇ ಈ ಕಂಪನಿ ಗಂಡನದ್ದಾಗುತ್ತೆ. ಬಿಟ್ಟುಕೊಡಲ್ಲ ನಾನು."

"ಅದಕ್ಕೇ ಮೊದಲು ವಕೀಲರ ಹತ್ರ ಹೋಗೋಣ. ಇದೆಲ್ಲ ನಿಮಗೇ ಉಳಿಯೋ ಹಾಗೆ ಪತ್ರ ಬರೆಸಿ, ಮೊದಲ ಸಹಿ ನಾನೇ ಹಾಕ್ತೀನಿ. ಚರ್ಚು ಆಮೇಲೆ."

ಡಾರ್ಕಸ್‌ಳ ಕಣ್ಣು ತುಂಬಿ ಬಂತು.

"ನಾಳೆ ಹತ್ತಕ್ಕೆ ತಾಲೀಮು. ಒಂಬತ್ತಕ್ಕೇ ವಕೀಲರ ಬಾಗಿಲಲ್ಲಿ ಇರ್ಬೇಕು. ತಡ ಆದ್ರೆ ದಂಡ ಹಾಕ್ತೀನಿ... ನೇಥನ್."

"ಎಂಟಕ್ಕೇ ಇರ್ತೀನಿ, ಡಾರ್ಕಸ್."

"ನಾನು ಏಳಕ್ಕೇ ಬಂದಿರ್ತೀನಿ!"