ಬೆಂಚಿನ ಕಡೆ ನೋಡುವವನು

ಇವನಿಗೆ ಕತ್ತು ಉಳುಕಿರಬೇಕು ಅಂತಲೇ ಅವಳು ಮೊದಲು ಅಂದುಕೊಂಡದ್ದು. ಚೆಂಡು ಕಾಲಿಗೆ ತಾಕಿದರೆ ಸಾಕು, ತಲೆ ಮೈದಾನದ ಪಕ್ಕದ ಬೆಂಚಿನ ಕಡೆ ತಿರುಗುತ್ತಿತ್ತು.

"ಉಳುಕಲ್ಲ, ಭಯ," ಅಂದರು ಅವಳ ಸೋದರಮಾವ. "ಕ್ಲಬ್ಬಿನವರು ಕೈಬಿಟ್ಟ ಹುಡುಗರಿಗೆಲ್ಲ ಈ ಚಟ ಇರತ್ತೆ. ಪಾಸ್ ಕೊಟ್ಟ ತಕ್ಷಣ ಕೋಚ್ ಮುಖ ನೋಡೋದು. ಸರಿ ಇತ್ತಾ? ಇಟ್ಕೋತೀರಾ, ಕಳಿಸ್ತೀರಾ?"

ಮಾವ ಕೋಚ್. ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಬೇಡವೆಂದವರನ್ನೇ ಹುಡುಕಿ ತಂದು ತಂಡ ಕಟ್ಟಿದ್ದರು. ಅವಳು ಅದರ ಫಿಸಿಯೋ. ಆ ಚಟಕ್ಕೆ ಮಾವನ ಮದ್ದು ಒಂದೇ: ಬೆಂಚಿನ ಕಡೆ ನೋಡಿದವನು ಮೈದಾನಕ್ಕೆ ಒಂದು ಸುತ್ತು ಓಡಬೇಕು. ಎಲ್ಲರ ಚಟವೂ ಬಿಟ್ಟಿತು. ಎಡಗಾಲಲ್ಲಿ ಆಡುವ ಇವನದು ಮಾತ್ರ, ಅಯ್ಯೋ ದೇವರೇ, ಇನ್ನೂ ಜಾಸ್ತಿಯಾಯಿತು. ಓಡಿ ಓಡಿ ಅವನಿಗೆ ಕುದುರೆಯ ದಮ್ಮು ಬಂದಿತ್ತು.

ಆಯ್ಕೆ ಪಂದ್ಯದ ಹಿಂದಿನ ಸಂಜೆ. ಫಿಸಿಯೋ ರೂಮಿನ ತುಂಬ ಮುಲಾಮಿನ ವಾಸನೆ. ಅವಳು ಅವನ ಮೀನಖಂಡ ತಿಕ್ಕುತ್ತಿದ್ದಳು.

"ನಾಳೆ ಬೇರೆ ಊರಿನ ಕ್ಲಬ್ಬಿನವರು ನೋಡೋಕೆ ಬರ್ತಿದ್ದಾರೆ. ನೆನಪಿದೆ ತಾನೆ?"

"ನೆನಪಿಲ್ದೆ ಏನು! ನಾಳೆ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಭಾವನ ಟೈರ್ ಅಂಗಡಿ. ಟೈರೂ ಚೆಂಡಿನ ಹಾಗೆ ರೌಂಡಾಗೇ ಇರತ್ತೆ, ಬಿಡಿ."

ಅವಳಿಗೆ ನಗು ಬರಲಿಲ್ಲ, ಸಂಕಟವಾಯಿತು. "ತಮಾಷೆ ಸಾಕು. ಸದಾ ಬೆಂಚ್ ನೋಡೋ ಆಟಗಾರನ್ನ ಯಾರು ತಗೋತಾರೆ? ನಮ್ಮ ಮಾವನ ಮುಖದಲ್ಲಿ ಅಂಥದ್ದೇನಿದೆ?"

"ನಿಮ್ಮ ಮಾವನ ಮುಖಾನ ಯಾರು ನೋಡಿದ್ರು?"

ಅವಳ ಕೈ ನಿಂತಿತು. ಆ ಬೆಂಚಿನ ಮೇಲೆ ಮಾವನ ಪಕ್ಕ ಇರುತ್ತಿದ್ದುದು ನೀರಿನ ಕ್ಯಾನು, ಬ್ಯಾಂಡೇಜಿನ ಡಬ್ಬ, ಮತ್ತೆ ಅವಳು.

"ಮೊದಮೊದಲು ಅವರನ್ನೇ ನೋಡ್ತಿದ್ದೆ, ಭಯಕ್ಕೆ. ಆಮೇಲೆ ನೀವು ಬಂದು ಕೂತ್ರಿ. ಭಯ ಹೋಯ್ತು, ಚಟ ಉಳೀತು."

"ಅದಕ್ಕೆ ಅಷ್ಟೊಂದು ಸುತ್ತು ಓಡಿದ್ದಾ?"

"ಲಾಭಾನೇ ಅಲ್ವಾ? ಓಡುವಾಗ್ಲೂ ಬೆಂಚ್ ಮುಂದೇನೇ ಹಾದು ಹೋಗ್ಬೇಕಲ್ಲ."

ಅವಳ ಕಿವಿಯೆಲ್ಲ ಬಿಸಿಯಾಯಿತು. ಐಸ್ ಚೀಲ ತೆಗೆದು ಅವನ ಕಾಲಿಗೆ ಒತ್ತಿದಳು. ಅವನು ಹಾರಿಬಿದ್ದ.

"ನಾಳೆ ಒಂದು ಸಲ ಈ ಕಡೆ ನೋಡಿದ್ರೂ ನಿನ್ನ ಜೊತೆ ಮಾತು ಟೂ! ನೋಡೋ ಕೆಲಸ ನಂದು. ನೀನು ಆಡು, ಅಷ್ಟೇ."

ಅವಳು ಅವನನ್ನು 'ನೀನು' ಅಂದದ್ದು ಅದೇ ಮೊದಲು. ಐಸಿನ ಉರಿಯನ್ನು ಅವನು ಮರೆತೇಬಿಟ್ಟ.

ಮರುದಿನ ಎದುರಾಳಿಗಳು ಬೇರೆ ಯಾರೂ ಅಲ್ಲ, ಅವನನ್ನು ಕೈಬಿಟ್ಟ ಕ್ಲಬ್ಬಿನ ಹುಡುಗರೇ. ಮೊದಲಿಗೇ ಅವನ ಕಾಲಿಂದ ಚೆಂಡು ಕಿತ್ತುಕೊಂಡರು. ಅವನ ಕತ್ತು ಬೆಂಚಿನತ್ತ ಹೊರಳತೊಡಗಿತು. ಬೇಡ ಕಣೋ, ಬೇಡ, ಎಂದು ಅವಳು ಉಸಿರು ಬಿಗಿಹಿಡಿದಳು. ಅವನು ತಟ್ಟನೆ ಬಗ್ಗಿ ಕಾಲುಚೀಲ ಎಳೆದುಕೊಂಡು ಚೆಂಡಿನ ಹಿಂದೆ ಓಡಿದ.

ಕೊನೆಕೊನೆಗೆ ಎಲ್ಲರೂ ಏದುಸಿರು ಬಿಡುತ್ತಿದ್ದರು. ಓಡುತ್ತಿದ್ದವನು ಅವನೊಬ್ಬನೇ, ಅಷ್ಟು ದಿನ ಹೊಡೆದ ಸುತ್ತುಗಳೆಲ್ಲ ಈಗ ಕಾಲಿಗೆ ಬಂದಿದ್ದವು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಎಡಗಾಲು ಬೀಸಿದ. ಗೋಲ್!

ತಂಡದವರು ಅವನ ಮೇಲೆ ಬಿದ್ದರು. ಮಾವ ನೀರಿನ ಕ್ಯಾನನ್ನೇ ಒದ್ದರು. ಅವನು ಮಾತ್ರ ತಲೆ ತಗ್ಗಿಸಿಕೊಂಡು ತನ್ನ ಜಾಗಕ್ಕೆ ನಡೆದ. ನೋಡಲೇ ಇಲ್ಲ. ಅವಳ ಕಣ್ಣು ತುಂಬಿ ಬಂತು.

ಕೊನೆಯ ಸೀಟಿ ಮೊಳಗಿತು. ಗೆದ್ದರು! ನೋಡಲು ಬಂದಿದ್ದ ಬೇರೆ ಊರಿನ ಕ್ಲಬ್ಬಿನವನು ಮಾವನ ಕೈ ಕುಲುಕಿ ಹೇಳಿದ, "ಆ ಎಡಗಾಲಿನವನು ನಮಗೆ ಬೇಕು. ನಿಮ್ಮ ಗೋಲ್‌ಕೀಪರ್ ಕೂಡ."

ಆಗ ಅವನು ತಿರುಗಿದ. ಮೈದಾನದ ನಡುವೆ ನಿಂತು, ಕಣ್ಣು ಪಿಳುಕಿಸದೆ, ಅಷ್ಟೂ ಹೊತ್ತಿನ ಬಾಕಿಯನ್ನೆಲ್ಲ ತೀರಿಸುವವನಂತೆ ಅವಳನ್ನು ನೋಡಿದ.

"ಒಂದು ಸುತ್ತು!" ಮಾವ ಗುಡುಗಿದರು.

"ಮಾವಾ, ಪಂದ್ಯ ಮುಗೀತಲ್ಲ!"

"ನಂಗೇನು ಕಣ್ಣಿಲ್ವಾ? ನೀನೂ ಅವನ್ನೇ ನೋಡ್ತಿದ್ದೀಯ. ಇಬ್ರೂ ಓಡಿ!"

ಓಡಿದರು. ದೂರದ ಮೂಲೆಯಲ್ಲಿ ಅವನು ಅವಳ ಕೈ ಹಿಡಿದ. "ಇನ್ಮೇಲೆ ಬೇರೆ ಊರು. ಅಲ್ಲಿ ಬೆಂಚಲ್ಲಿ ಯಾರಿರ್ತಾರೆ?"

"ಅಲ್ಲಿ ಗ್ಯಾಲರಿ ನೋಡು, ನಾನಿರ್ತೀನಿ. ಪ್ರೀತಿ ಮಾಡ್ತೀನಿ ಕಣೋ ನಿನ್ನ, ಇನ್ನೆಲ್ಲಿ ಹೋಗ್ಲಿ?"

ಕುದುರೆಯ ದಮ್ಮಿನವನಿಗೆ ಅಂದು ಮೊದಲ ಸಲ ಉಸಿರು ಕಟ್ಟಿತು.

ಬೆಂಚಿನ ಮುಂದೆ ಹಾದಾಗ ಮಾವ ಸಾಕೆಂದು ಕೈ ಎತ್ತಿದರು. ಇಬ್ಬರೂ ಅತ್ತ ನೋಡಲಿಲ್ಲ. ಆಗಲೇ ಎರಡನೇ ಸುತ್ತಿಗೆ ಹೊರಟಿದ್ದರು.