ಮುನ್ನಾನ ಅಂಗಡಿಯ ವೈಫೈ

ಮೇ ಹನ್ನೊಂದರ ಬೆಳಿಗ್ಗೆ ಏಳು ಗಂಟೆಗೆ ರಾಯಚೂರಿನ ಠಾಣೆಯೊಂದಕ್ಕೆ ಕಲ್ಯಾಣ ಮಂಟಪದ ಮ್ಯಾನೇಜರ್ ಶೇಖರ ಏದುಸಿರು ಬಿಡುತ್ತ ಬಂದ. ತನ್ನ ಮೊಬೈಲನ್ನು ಪಿಎಸ್‌ಐ ಅನ್ನಪೂರ್ಣ ಅವರ ಮೇಜಿನ ಮೇಲಿಟ್ಟು, “ನೀವೇ ಓದ್ರಿ ಮೇಡಂ” ಎಂದ.

ಮಂಟಪದ ವಿಳಾಸಕ್ಕೆ ಹಿಂದಿನ ದಿನ ಸಂಜೆ ಬಂದಿದ್ದ ಇ-ಮೇಲ್ ಅದು. ಶೇಖರ ತೆರೆದು ನೋಡಿದ್ದು ಈಗ. ಇದ್ದದ್ದು ಎರಡೇ ಸಾಲು: ‘ನಾಳಿನ ಮದುವೆ ನಿಲ್ಲಿಸಿ. ಹಾಲ್‌ನಲ್ಲಿ ಬಾಂಬ್ ಇದೆ.’

“ಒಳಗ ಎಷ್ಟು ಮಂದಿ ಅದಾರ?”

“ಎರಡೂ ಕಡೆಯವರು ರಾತ್ರಿನೇ ಬಂದಾರ್ರೀ. ಐನೂರರ ಮ್ಯಾಲ.”

ಅನ್ನಪೂರ್ಣ ಟೋಪಿ ಎತ್ತಿಕೊಂಡು ಎದ್ದರು. ಅರ್ಧ ಗಂಟೆಯಲ್ಲಿ ಮಂಟಪ ಖಾಲಿಯಾಯಿತು. ನೂಕುನುಗ್ಗಲಿನಲ್ಲಿ ಮದುಮಗಳ ದೊಡ್ಡಮ್ಮ ಗದ್ದೆಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಬಾಂಬ್ ಪತ್ತೆ ದಳದವರು ನಾಯಿಯೊಂದಿಗೆ ಕೋಣೆಕೋಣೆ ಹುಡುಕಿದರು. ಅಡುಗೆಯ ಕೊಪ್ಪರಿಗೆಗಳನ್ನೂ ಬಿಡಲಿಲ್ಲ. ಕೊನೆಗೆ ದಳದ ಮುಖ್ಯಸ್ಥ ಹೊರಬಂದು “ಏನೂ ಇಲ್ಲ” ಎಂದಾಗ ಅನ್ನಪೂರ್ಣ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

ಅಷ್ಟರಲ್ಲಿ ಮುಹೂರ್ತ ಮೀರಿತ್ತು. ವರ ನಾಗೇಶ ದೇವದುರ್ಗದವನು. ಅವನ ಕಡೆಯವರು ಅಪಶಕುನವೆಂದು ಕೂಗಾಡಿ ಬಸ್ ಹತ್ತಿ ಹೊರಟೇಹೋದರು. ಹೆಣ್ಣಿನ ಕಡೆಯವರು ಪೋತ್ನಾಳದವರು. ಅವರಲ್ಲಿ ಕೆಲವರು ಅಳುತ್ತಿದ್ದರು. ಮದುಮಗಳು ಕಲ್ಯಾಣಿ ಮಾತ್ರ ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಳು. ಹಸಿದಿರಬೇಕು ಎಂದುಕೊಂಡರು ಅನ್ನಪೂರ್ಣ.

ಅನಾಮಧೇಯ ಬೆದರಿಕೆ, ಸುಳ್ಳು ಸುದ್ದಿ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 351(4) ಮತ್ತು 353ರಡಿ ಎಫ್‌ಐಆರ್ ದಾಖಲಾಯಿತು. ವರನಿಗೆ ಆಗದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲು ಕಾನ್‌ಸ್ಟೆಬಲ್ ರಾಧಾ ದೇವದುರ್ಗಕ್ಕೆ ಹೋಗಿ ಬಂದಳು.

“ವೈರಿಗಳು ಯಾರೂ ಇಲ್ರೀ ಮೇಡಂ. ಆದ್ರ ಆ ಹುಡುಗನ ಸಿಟ್ಟಿನ ಬಗ್ಗಿ ಓಣಿ ಮಂದಿ ಬಾಯಿ ಬಿಡವಲ್ರು. ಕೇಳಿದ್ರ ಬಾಗಿಲಾ ಹಾಕ್ಕೊಂಡ್ರು.”

ಮೇಲ್ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಮೇ ಹದಿನಾಲ್ಕರಂದು ಇಂಟರ್ನೆಟ್ ಕಂಪನಿಯಿಂದ ಉತ್ತರ ಬಂತು. ಇ-ಮೇಲ್ ಹೊರಟ ಐಪಿ ವಿಳಾಸ ಆ ಹೊತ್ತಿನಲ್ಲಿ ಪೋತ್ನಾಳದ ಮೊಬೈಲ್ ರಿಪೇರಿ ಅಂಗಡಿಯೊಂದರ ಸಂಪರ್ಕಕ್ಕೆ ಸೇರಿತ್ತು. ಮಾಲೀಕನ ಹೆಸರು ಮುನ್ನಾ. ಹೆಡ್ ಕಾನ್‌ಸ್ಟೆಬಲ್ ಬೂದೆಪ್ಪ ಮಧ್ಯಾಹ್ನದೊಳಗೆ ಅವನನ್ನು ಠಾಣೆಗೆ ಕರೆತಂದ.

“ಮೇಲ್ ಯಾಕ ಕಳಿಸಿದಿ?”

“ನಾ ಕಳಿಸಿಲ್ರೀ.”

“ನಿನ್ನ ವೈಫೈ ಪಾಸ್‌ವರ್ಡ್ ಯಾರಿಗರ ಕೊಟ್ಟೀಯೇನು?”

ಮುನ್ನಾ ಒಂದು ಕ್ಷಣ ನೆಲ ನೋಡಿದ. “ಯಾರಿಗೂ ಇಲ್ರೀ.”

ಹೊರಗೆ ಗೇಟಿನ ಬಳಿ ಅವನ ತಾಯಿ ರಜಿಯಾ ಬೇಗಂ ಬಿಸಿಲಲ್ಲೇ ಕೂತಿದ್ದರು. ಅನ್ನಪೂರ್ಣ ಅವರನ್ನು ಕಂಡದ್ದೇ ಎದ್ದು ಬಂದರು. “ಆ ಹುಡುಗಿ ಮದುವಿಗಿ ಕೊಡಾಕ ನನ್ನ ಮಗ ಮಿಕ್ಸಿ ತಂದಿಟ್ಟಾನಮ್ಮಾ. ಬಾಂಬ್ ಯಾಕ ಇಡ್ತಾನ? ಊರಾಗ ಮಂದಿ ಈಗೇ ಏನೇನೋ ಅನ್ನಾಕತ್ತಾರ.”

ಬೂದೆಪ್ಪನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. “ಐಪಿ ಅವಂದು, ಬಿಲ್ಲು ಅವನ ಹೆಸರಿಲೆ ಅದ. ಇನ್ನೇನು ಬೇಕ್ರೀ ಮೇಡಂ?”

ಸೈಬರ್ ತರಬೇತಿಯಲ್ಲಿ ಕಲಿತದ್ದರಲ್ಲಿ ಅರ್ಧ ಅನ್ನಪೂರ್ಣ ಅವರಿಗೆ ಮರೆತಿತ್ತು. ನೆನಪಿದ್ದಷ್ಟನ್ನು ಒಟ್ಟುಗೂಡಿಸಿ ಹೇಳಿದರು: “ಒಂದು ದೊಡ್ಡ ವಾಡೆ ಅಂತ ತಿಳಿ, ಬೂದೆಪ್ಪ. ಐಪಿ ಅಂದ್ರ ಅದರ ತಲಬಾಗಿಲಿನ ನಂಬರು. ಒಳಗ ಹತ್ತು ಖೋಲಿ ಇರ್ತಾವ. ಯಾವ ಖೋಲಿಯಿಂದ ಕಾಗದ ಹೊರಗ ಹೋದ್ರೂ ಮ್ಯಾಲ ತಲಬಾಗಿಲಿನ ನಂಬರೇ ಬೀಳ್ತದ. ಬರದವರು ಯಾರು ಅಂತ ಪೋಸ್ಟ್‌ಮನ್‌ಗ ಏನು ಗೊತ್ತು?”

“ಮತ್ತ ಯಾರಿಗಿ ಗೊತ್ತಿರ್ತದ್ರೀ?”

“ಬಾಗಿಲ ಕಾಯೋನಿಗಿ. ಅವನೇ ರೂಟರ್. ಒಳಗ ಬಂದ ಪ್ರತಿ ಫೋನಿಗೂ ಅಂವ ಒಂದು ಖೋಲಿ ನಂಬರ್ ಕೊಡ್ತಾನ. ಫೋನು ತನ್ನ ಗುರುತು ಹೇಳಬೇಕು, ಹನ್ನೆರಡು ಅಕ್ಷರದ್ದು. ಅದಕ್ಕ ಮ್ಯಾಕ್ ಅಡ್ರೆಸ್ ಅಂತಾರ. ಅದನ್ನ ನೋಡದ ಒಬ್ಬನ್ನ ಜೈಲಿಗಿ ಕಳಿಸಿದ್ರ ನಾವು ಪೊಲೀಸರಾಗಿ ಏನು ಮಾಡಿದಂಗಾತು?”

ಮರುದಿನ ಬೆಳಿಗ್ಗೆ ಮುನ್ನಾನನ್ನು ಕರೆದುಕೊಂಡು ಪೋತ್ನಾಳಕ್ಕೆ ಹೋದರು. ಪಕ್ಕದ ಚಹಾ ಅಂಗಡಿಯ ಪೀರಾ ಸಾಬ್ ಮತ್ತು ಗೊಬ್ಬರದಂಗಡಿಯ ಹಂಪಯ್ಯ ಪಂಚ ಸಾಕ್ಷಿಗಳಾಗಿ ನಿಂತರು. ಮುನ್ನಾನೇ ರೂಟರಿನ ಪುಟ ತೆರೆದುಕೊಟ್ಟ. ಬೂದೆಪ್ಪ ಪಂಚನಾಮೆ ಬರೆಯತೊಡಗಿದ.

ಮೇ ಹತ್ತರ ದಾಖಲೆ ಪರದೆಯ ಮೇಲೆ ಬಂತು. ಮೂರು ಗಂಟೆಗೆ ಮುನ್ನಾನ ಫೋನು, ಲ್ಯಾಪ್‌ಟಾಪ್ ಎರಡೂ ವೈಫೈಯಿಂದ ಕಳಚಿಕೊಂಡಿದ್ದವು. ಮತ್ತೆ ಸೇರಿದ್ದು ಆರಕ್ಕೆ.

“ಸ್ಪೇರ್ ತರಾಕ ಮಾನ್ವಿಗೆ ಹೋಗಿದ್ನಿರೀ” ಎಂದ ಮುನ್ನಾ.

ಇ-ಮೇಲ್ ಹೋದದ್ದು ನಾಲ್ಕೂವರೆಗೆ. ಆಗ ರೂಟರಿಗೆ ಜೋಡಣೆಯಾಗಿದ್ದವು ಎರಡೇ: ಅಂಗಡಿಯ ಪ್ರಿಂಟರ್, ಮತ್ತೊಂದು ಫೋನು.

“ಪ್ರಿಂಟರ್ ಮೇಲ್ ಬರಿಯಂಗಿಲ್ಲ ಬಿಡ್ರಿ” ಎಂದ ಬೂದೆಪ್ಪ. ದನಿಯಲ್ಲಿ ನಿನ್ನೆಯ ಜೋರು ಇರಲಿಲ್ಲ.

“ಮುನ್ನಾ, ಈ ಫೋನು ಯಾರದು?”

ಅವನು ಪಕ್ಕದ ಗೋಡೆಯತ್ತ ನೋಡಿದ. “ಬಾಜೂಕಿನ ಅಂಗನವಾಡಿ ಟೀಚರಮ್ಮಂದಿರಬೇಕ್ರೀ. ಮಕ್ಕಳ ತೂಕ ಫೋನಿನ್ಯಾಗ ತುಂಬಬೇಕು, ಅಲ್ಲಿ ಸಿಗ್ನಲ್ ಸಿಗಂಗಿಲ್ಲ. ಅದಕ್ಕ ಪಾಸ್‌ವರ್ಡ್ ಕೊಟ್ಟಿದ್ನಿ. ಅವರು ಅಂಥವರಲ್ರೀ. ಲಗ್ನ ನಿಂತಿದ್ದು ಅವರ ಮಗಳದೇ.”

ಮರದ ಕೆಳಗೆ ನೆಮ್ಮದಿಯಿಂದ ತಿನ್ನುತ್ತಿದ್ದ ಹುಡುಗಿ ಅನ್ನಪೂರ್ಣ ಅವರ ಕಣ್ಣ ಮುಂದೆ ಬಂದಳು.

ಅಂಗನವಾಡಿಯಲ್ಲಿ ಟೀಚರ್ ಶರಣಮ್ಮ ಮಕ್ಕಳಿಗೆ ಊಟ ಬಡಿಸುತ್ತಿದ್ದರು. ಖಾಕಿ ಕಂಡು ಸೌಟು ಕೆಳಗಿಟ್ಟರು. ಯಾರೂ ಏನೂ ಕೇಳುವ ಮೊದಲೇ ಅವರ ಬಾಯಿಂದ ಬಂದ ಮಾತು: “ಮುನ್ನಾನ್ನ ಬಿಟ್ರೇನ್ರೀ?”

“ಬಿಟ್ಟಂಗ. ನಿಮ್ಮ ಫೋನು ತೋರಿಸ್ರಿ.”

ಶರಣಮ್ಮ ಫೋನು ಕೊಟ್ಟರು. ಸೆಟ್ಟಿಂಗ್ಸ್‌ನಲ್ಲಿದ್ದ ಗುರುತನ್ನು ರಾಧಾ ಒಂದೊಂದೇ ಅಕ್ಷರವಾಗಿ ಓದಿದಳು. ಬೂದೆಪ್ಪ ರೂಟರಿನ ದಾಖಲೆಯೊಡನೆ ತಾಳೆ ನೋಡಿದ. ಹನ್ನೆರಡೂ ಕೂಡಿದವು. ಮೇಲ್ ಕಳಿಸಿದ ಖಾತೆಯೂ ಅದೇ ಫೋನಿನಲ್ಲಿತ್ತು.

“ಮಂದಿ ವೈಫೈಲೆ ಕಳಿಸಿದ್ರ ಯಾರ ಹೆಸರೂ ಬರಂಗಿಲ್ಲ ಅಂತ ತಿಳಿದಿದ್ನಿರೀ” ಎಂದರು ಶರಣಮ್ಮ. “ಆ ಹುಡುಗನ್ನ ಹಿಡಕೊಂಡು ಹೋದ್ರಂತ ನಿನ್ನಿ ಸಂಜಿಗಿ ತಿಳೀತು. ಇವತ್ತ ಮಕ್ಕಳ ಊಟ ಮುಗಿಸಿ ನಾನೇ ಠಾಣೆಗೆ ಬರೋಳಿದ್ದೆ.”

ಅಷ್ಟರಲ್ಲಿ ಅಂಗಡಿಯ ಮುಂದೆ ಪೀರಾ ಸಾಬ್ ಎಲ್ಲರಿಗೂ ಕೇಳುವಂತೆ ಕೂಗಿದರು: “ಮುನ್ನಾಂದು ಏನೂ ತಪ್ಪಿಲ್ಲ! ಪಂಚನಾಮಿಗಿ ನಾನೇ ಸಹಿ ಮಾಡೀನಿ!” ರಜಿಯಾ ಬೇಗಂ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ನೋಡಿದರು. ನೋಡುತ್ತಿದ್ದ ಬೂದೆಪ್ಪ ಅವನ ಬಳಿ ಹೋಗಿ, “ತಪ್ಪು ತಿಳೀಬ್ಯಾಡಪಾ” ಎಂದ.

ಶರಣಮ್ಮ ಹೇಳಿಕೆ ಕೊಟ್ಟರು. ಮದುವೆಗೆ ಹದಿನೈದು ದಿನ ಮೊದಲು ಸೀರೆ ತರಲು ರಾಯಚೂರಿಗೆ ಹೋದಾಗ, ಸೀರೆ ಅಂಗಡಿಯವನೊಡನೆ ನಕ್ಕು ಮಾತಾಡಿದಳೆಂದು ನಾಗೇಶ ಕಲ್ಯಾಣಿಯ ತೋಳು ತಿರುವಿದ್ದ. ಹಸಿರುಗಟ್ಟಿದ ತೋಳನ್ನು ಮಗಳು ತಾಯಿಗೆ ತೋರಿಸಿದ್ದಳು. ಶರಣಮ್ಮ ಗಂಡನಿಗೆ ಹೇಳಿದರು, ಮೈದುನರಿಗೆ ಹೇಳಿದರು, ಬೀಗರ ಮನೆಯವರೆಗೂ ಹೋಗಿ ಹೇಳಿ ಬಂದರು. ಲಗ್ನಪತ್ರಿಕೆ ಹಂಚಿಯಾಗಿದೆ, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದರು ಎಲ್ಲರೂ.

“ನಮ್ಮ ಹತ್ರ ಬರಬಹುದಿತ್ತಲ್ರೀ” ಎಂದರು ಅನ್ನಪೂರ್ಣ.

“ನೀವು ಕೇಳ್ತಿದ್ರೋ ಇಲ್ಲೋ ನನಗೇನು ಗೊತ್ರೀ? ಮೂವತ್ತು ವರ್ಷ ಆ ಮನ್ಯಾಗ ಅದೀನಿ. ಬ್ಯಾಡ ಅಂದ್ರ ಯಾರೂ ತಿರುಗಿ ನೋಡಲಿಲ್ಲ. ಬಾಂಬ್ ಅಂತ ಬರದೆ, ಐನೂರು ಮಂದಿ ಎದ್ದು ನಿಂತ್ರು.” ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮಕ್ಕನ ಕೈ ಮುರೀತು. ಅದೊಂದು ನನ್ನ ಮ್ಯಾಲ ಅದ. ಅದಕ್ಕೇನು ಶಿಕ್ಷೆ ಅದನೋ ಕೊಡ್ರಿ.”

ಸೂರ್ಯ ಮುಳುಗುವ ಮುಂಚೆಯೇ ರಾಧಾಳ ಸಮಕ್ಷಮದಲ್ಲಿ ದಸ್ತಗಿರಿ ಆಯಿತು. ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಶರಣಮ್ಮ ಗಂಡನ ಹೆಸರು ಹೇಳಲಿಲ್ಲ, ಮಗಳ ಹೆಸರು ಹೇಳಿದರು. ಕಲ್ಯಾಣಿ ಬಂದು ದಸ್ತಗಿರಿಯ ಕಾಗದಕ್ಕೆ ಸಹಿ ಹಾಕಿದಳು. ದೇವದುರ್ಗದವರು ಮತ್ತೆ ದಿನ ಗೊತ್ತು ಮಾಡಲು ಹೇಳಿ ಕಳಿಸಿದ್ದರಂತೆ. ತಾನೇ ಫೋನು ಮಾಡಿ ಆಗುವುದಿಲ್ಲ ಎಂದದ್ದಾಗಿ ತಿಳಿಸಿದಳು. ಆ ತೋಳಿನ ವಿಷಯವಾಗಿ ನಾಳೆ ದೂರು ಬರೆದುಕೊಡುವುದಾಗಿಯೂ ಹೇಳಿದಳು.

ಮಗಳ ಆ ಮಾತು ಕೇಳಿದ ಮೇಲೆ ಶರಣಮ್ಮ ತಾವೇ ಜೀಪಿನತ್ತ ನಡೆದರು. ಹಿಂದಿನ ಸೀಟಿನಲ್ಲಿ ರಾಧಾಳ ಪಕ್ಕ ಕೂತರು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ, ಮಾನ್ವಿ ದಾಟುವುದರೊಳಗೆ ರಾಧಾಳ ಭುಜಕ್ಕೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಅನ್ನಪೂರ್ಣ ತಿರುಗಿ ನೋಡಿ, ಸಪ್ಪಳವಾಗದಂತೆ ವೈರ್‌ಲೆಸ್ಸಿನ ದನಿ ತಗ್ಗಿಸಿದರು.